ಗುಡ್ಡದ ಡಬ್ಬಿಯಲ್ಲಿ ಪೇಢಾ ಏಕೆ ಬೇಡ?

ಓದುಗರ ಪತ್ರ

ಬೇಸಿಗೆ ರಜೆಯಲ್ಲಿ ಓಣಿಯ ಮಕ್ಕಳನ್ನು ಕಟ್ಟಿಕೊಂಡು ಧಾರವಾಡದ ಹೊರವಲಯದ ಗುಡ್ಡವೊಂದರಲ್ಲಿ ಜಿಯೋಕ್ಯಾಶ್ ಇಟ್ಟೆವು, ಅಂದರೆ ಅಪರಿಚಿತರು ಜಿಪಿಎಸ್‌ನ ಅಕ್ಷಾಂಶ ರೇಖಾಂಶ ಹಿಡಿದು ಹುಡುಕಿ ತೆರೆಯುವ ಆಟದ ಡಬ್ಬಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಸಹಿ ಪುಸ್ತಕ, ಪೆನ್ಸಿಲ್, ಗೋಲಿ, ಬಗರಿ. ಊರಿನ ಗುರುತಿಗೆಂದು ಪೇಢಾ ಮತ್ತು ಶೇಂಗಾ ಚಿಕ್ಕಿಯನ್ನೂ ಸೇರಿಸಿದೆವು. ಹುಬ್ಬಳ್ಳಿಯಿಂದ ಬಂದ ಯುವಕನೊಬ್ಬ ಡಬ್ಬಿಯನ್ನು ಹುಡುಕಿ, ತಿನಿಸನ್ನೆಲ್ಲ ತೆಗೆದುಕೊಂಡು ಹೋಗಿ, ‘ಇಲ್ಲಿ ಆಹಾರ ಇಡುವಂತಿಲ್ಲ’ ಎಂದು ಸಹಿ ಪುಸ್ತಕದಲ್ಲಿ ಬರೆದಿದ್ದಾನೆ. ಅದನ್ನು ಓದಿ ಮಕ್ಕಳು ಅತ್ತುಬಿಟ್ಟರು. ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವ, ದಾರಿಹೋಕರಿಗಾಗಿ ಅರವಟ್ಟಿಗೆ ಇಡುವ ಸೀಮೆ ನಮ್ಮದು. ಇಲ್ಲಿ ಇದೆಂಥ ನಿಯಮ? ಜಗತ್ತಿನ ಮೊದಲ ಜಿಯೋಕ್ಯಾಶ್‌ನಲ್ಲಿಯೇ ಆಹಾರವಿತ್ತೆಂದು ಕೇಳಿದ್ದೇನೆ, ನಿಜವೇ? ಮುಂದಿನ ಡಬ್ಬಿಯನ್ನು ಕಪ್ಪತಗುಡ್ಡದಲ್ಲಿ ಇಡುವ ಆಸೆಯಿದೆ. ಅದರ ಸ್ಥಳವನ್ನು ಪತ್ರಿಕೆಯಲ್ಲಿ ಪ್ರಕಟಿಸುವಿರಾ?

— ಹೆಸರು ಬೇಡವೆಂದು ಕೋರಿದ ಓದುಗರು, ಧಾರವಾಡ

ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಆ ಯುವಕ ತಿನಿಸನ್ನು ತೆಗೆದದ್ದು ಸರಿ. ಆದರೆ ಒಂದೇ ಸಾಲು ಗೀಚಿ ಹೋಗಬಾರದಿತ್ತು. ಏಕೆ ತೆಗೆದೆನೆಂದು ಇನ್ನೆರಡು ಸಾಲು ಬರೆದಿದ್ದರೆ ಮಕ್ಕಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ದಯವಿಟ್ಟು ಮಕ್ಕಳಿಗೂ ಓದಿ ಹೇಳಿ.

ಮೊದಲು ನಿಮ್ಮ ಎರಡನೆಯ ಪ್ರಶ್ನೆ. ನೀವು ಕೇಳಿದ್ದು ನಿಜ. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕದ ಸರ್ಕಾರ 2000ರ ಮೇ ಮೊದಲ ವಾರದಲ್ಲಿ ನಿಲ್ಲಿಸಿತು. ನೂರು ಮೀಟರ್‌ವರೆಗೂ ತಪ್ಪುತ್ತಿದ್ದ ಸ್ಥಳಸೂಚನೆ ಒಮ್ಮೆಲೇ ನಿಖರವಾಯಿತು. ಅದನ್ನು ಪರೀಕ್ಷಿಸಲೆಂದು ಡೇವ್ ಉಲ್ಮರ್ ಎಂಬವರು ಮೇ 3ರಂದು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆ ತಿಳಿಸಿದರು. ಬಕೆಟ್‌ನಲ್ಲಿ ಪುಸ್ತಕ, ಹಣ, ಒಂದು ಕವಣೆಯ ಜೊತೆಗೆ ಬೀನ್ಸ್ ತುಂಬಿದ ತಗಡಿನ ಡಬ್ಬಿಯೂ ಇತ್ತು. ಆಗಿನ್ನೂ ಇದು ಆಟವಾಗಿರಲಿಲ್ಲ, ಅದಕ್ಕೆ ಜಿಯೋಕ್ಯಾಶಿಂಗ್ ಎಂಬ ಹೆಸರೂ ಇರಲಿಲ್ಲ. ಆಟ ಬೆಳೆದು ಕಾಡುಮೇಡುಗಳಲ್ಲಿ ಡಬ್ಬಿಗಳು ಹೆಚ್ಚಿದಂತೆ ಅವುಗಳಿಗೆ ಏನೇನಾಗುತ್ತದೆ ಎಂಬುದು ಆಡುವವರಿಗೆ ತಿಳಿಯುತ್ತ ಹೋಯಿತು, ಆಹಾರ ಇಡಬಾರದೆಂಬ ನಿಯಮ ಗಟ್ಟಿಯಾಯಿತು. ಅಂದರೆ ಇದು ಯಾರೋ ಮೇಜಿನ ಮುಂದೆ ಕುಳಿತು ಹೊಸೆದ ನಿಯಮವಲ್ಲ. ಕಚ್ಚಿ ಹರಿದ ಡಬ್ಬಿಗಳನ್ನು ಕಂಡವರು ಮಾಡಿಕೊಂಡದ್ದು. ಮೊದಲ ಬಕೆಟ್‌ನಲ್ಲಿ ಬೀನ್ಸ್ ಇತ್ತೆಂಬ ಕಾರಣಕ್ಕೆ ಇಂದು ಪೇಢಾ ಇಡಬಹುದು ಎನ್ನಲಾಗದು.

ಇನ್ನು ಅರವಟ್ಟಿಗೆಯ ಮಾತು. ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಇದೇ. ಬೇಸಿಗೆ ಬಂತೆಂದರೆ ಹುಬ್ಬಳ್ಳಿಯ ಮಾರುಕಟ್ಟೆಯ ಮೂಲೆಯಲ್ಲೋ ಗದಗಿನ ಬಸ್ ನಿಲ್ದಾಣದ ಹೊರಗೋ ಇಟ್ಟ ಮಣ್ಣಿನ ಗಡಿಗೆಗಳನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಯಾರೋ ಬಂದು ನಿನ್ನೆಯ ನೀರು ಚೆಲ್ಲುತ್ತಾರೆ, ಗಡಿಗೆ ತೊಳೆಯುತ್ತಾರೆ, ಹೊಸ ನೀರು ತುಂಬಿ ಒದ್ದೆ ಬಟ್ಟೆ ಸುತ್ತಿ ಮೇಲೊಂದು ತಟ್ಟೆ ಮುಚ್ಚುತ್ತಾರೆ. ನಾಯಿ ಬಾಯಿ ಹಾಕದಂತೆ ಪಕ್ಕದ ಅಂಗಡಿಯವರು ಒಂದು ಕಣ್ಣು ಇಟ್ಟಿರುತ್ತಾರೆ. ಅರವಟ್ಟಿಗೆಯ ಪುಣ್ಯವೆಲ್ಲ ಇರುವುದು ಈ ನಿತ್ಯದ ಆರೈಕೆಯಲ್ಲಿ. ನಿಮ್ಮ ಗುಡ್ಡದ ಡಬ್ಬಿಯನ್ನು ಮುಂದಿನ ಸಲ ತೆರೆಯುವವರು ನಾಳೆ ಬರಬಹುದು, ದೀಪಾವಳಿಗೆ ಬರಬಹುದು. ಅಲ್ಲಿಯವರೆಗೆ ಒಳಗಿನ ತಿನಿಸನ್ನು ನೋಡಿಕೊಳ್ಳುವವರು ಯಾರು? ಬೆಲ್ಲ-ನೀರನ್ನೂ ನಾವು ಕೈಯಾರೆ ಕೊಡುತ್ತೇವೆ, ಬಂದವರ ಮುಖ ನೋಡಿ ಕೊಡುತ್ತೇವೆ. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲ ಬೇಡವೆನ್ನುತ್ತಾರೆ, ನಾವು ನೀರಷ್ಟೇ ಕೊಡುತ್ತೇವೆ. ತಿನ್ನುವ ಪದಾರ್ಥಕ್ಕೆ ಕಾಯುವವರು ಬೇಕು. ಕಾಯುವವರಿಲ್ಲದ ಕಡೆ ಅದನ್ನು ಬಿಟ್ಟು ಬಂದರೆ ಅತಿಥಿಯನ್ನು ಆರಿಸುವ ಅಧಿಕಾರ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಮೊದಲು ಬರುವುದು ಇರುವೆ. ಅದರ ಹಿಂದೆ ಇಲಿ, ಅಳಿಲು. ಇಲಿಯ ಬಾಚಿಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ, ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಪ್ಲಾಸ್ಟಿಕ್ ಡಬ್ಬಿಯ ಅಂಚು ಅದಕ್ಕೆ ಯಾವ ಲೆಕ್ಕ? ಮುಚ್ಚಳ ಬಿಗಿಯಾಗಿದೆ, ವಾಸನೆ ಹೊರಗೆ ಬರುವುದಿಲ್ಲ ಎಂದು ನೀವು ಹೇಳಬಹುದು. ನಮ್ಮ ಮೂಗಿಗೆ ಬರುವುದಿಲ್ಲ, ಅಷ್ಟೆ. ಪೇಢಾ ಮುಟ್ಟಿದ ಬೆರಳಿನಿಂದಲೇ ಮಕ್ಕಳು ಮುಚ್ಚಳ ಒತ್ತುತ್ತಾರೆ. ತುಪ್ಪದ, ಖೋವಾದ ಪಸೆ ಡಬ್ಬಿಯ ಹೊರಗೇ ಅಂಟಿಕೊಂಡಿರುತ್ತದೆ. ಅಲ್ಲದೆ ಡಬ್ಬಿಯ ಬಿಗಿ ನಿಮ್ಮೊಬ್ಬರ ಕೈಯಲ್ಲಿಲ್ಲ. ಅದನ್ನು ತೆರೆದ ಕೊನೆಯ ವ್ಯಕ್ತಿ ಎಷ್ಟು ಎಚ್ಚರದಿಂದ ಮುಚ್ಚಿದ್ದಾನೋ ಅಷ್ಟೇ ಅದರ ಬಿಗಿ.

ನನಗೆ ಹೆಚ್ಚಿನ ಚಿಂತೆ ಮಂಗಗಳದ್ದು. ಡಬ್ಬಿಯಲ್ಲಿ ಸಿಹಿ ಇರುತ್ತದೆಂದು ಒಮ್ಮೆ ಕಲಿತ ಮಂಗ ಅದನ್ನು ಮರೆಯುವುದಿಲ್ಲ, ಅದರ ಜೊತೆಯವೂ ನೋಡಿ ಕಲಿಯುತ್ತವೆ. ಗುಡ್ಡದಲ್ಲಿ ಡಬ್ಬಿ ಸಿಗದ ದಿನ ಅವು ವಾಯುವಿಹಾರಕ್ಕೆ ಬಂದವರ ಕೈಚೀಲಕ್ಕೆ, ಶಾಲೆಗೆ ಹೊರಟ ಮಗುವಿನ ಊಟದ ಡಬ್ಬಿಗೆ ಕೈ ಹಾಕುತ್ತವೆ. ಮಂಗ ಕಚ್ಚಿದರೆ ರೇಬೀಸ್ ಲಸಿಕೆಗಾಗಿ ಆಸ್ಪತ್ರೆಗೆ ಓಡಬೇಕು. ಆಮೇಲೆ ಬಡಾವಣೆಯವರು ಅರ್ಜಿ ಕೊಡುತ್ತಾರೆ, ಬೋನು ಬರುತ್ತದೆ, ಹುಟ್ಟಿ ಬೆಳೆದ ಗುಡ್ಡದಿಂದ ಆ ಹಿಂಡನ್ನು ಎಲ್ಲಿಯೋ ಒಯ್ದು ಬಿಡುತ್ತಾರೆ. ಇದರಲ್ಲಿ ಆ ಪ್ರಾಣಿಯ ತಪ್ಪು ಏನಿತ್ತು? ಕಪ್ಪು ಮುಖದ, ಉದ್ದ ಬಾಲದ ಮುಸಿಯಗಳ ಸಂಗತಿ ಇನ್ನೂ ಸೂಕ್ಷ್ಮ. ಎಲೆ ಜೀರ್ಣಿಸಿಕೊಳ್ಳಲೆಂದೇ ಅವುಗಳ ಹೊಟ್ಟೆಯಲ್ಲಿ ಹಲವು ಕೋಣೆಗಳಿವೆ. ಅಲ್ಲಿ ಸೂಕ್ಷ್ಮಜೀವಿಗಳು ಎಲೆಯ ನಾರನ್ನು ನಿಧಾನವಾಗಿ ಒಡೆಯುತ್ತವೆ. ಅಂಥ ಹೊಟ್ಟೆಗೆ ಸಕ್ಕರೆಯ ಪದಾರ್ಥ ಹೆಚ್ಚಾಗಿ ಬಿದ್ದರೆ ಬೇಗ ಹುಳಿಯಾಗಿ ಪ್ರಾಣಿ ನರಳುತ್ತದೆ. ಚಿಕ್ಕಿಯ ಜೊತೆಗೆ ಅದರ ಹಾಳೆಯೂ ಹೊಟ್ಟೆ ಸೇರುತ್ತದೆ. ಹುಬ್ಬಳ್ಳಿಯ ಬೀದಿಗಳಲ್ಲಿ ಪ್ಲಾಸ್ಟಿಕ್ ತಿನ್ನುವ ದನಗಳನ್ನು ದಿನವೂ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾವ ಪ್ರಾಣಿಯೂ ಬರಲಿಲ್ಲವೆಂದೇ ಇಟ್ಟುಕೊಳ್ಳೋಣ. ಏಪ್ರಿಲ್ ತಿಂಗಳಲ್ಲಿ ನಮ್ಮ ಅವಳಿನಗರದ ಬಿಸಿಲು 36-37 ಡಿಗ್ರಿ ಮುಟ್ಟುತ್ತದೆ, ಬಿಸಿಲಿಗೆ ಬಿದ್ದ ಮುಚ್ಚಿದ ಡಬ್ಬಿಯೊಳಗೆ ಅದಕ್ಕಿಂತ ಹೆಚ್ಚು. ಚಾಕೊಲೇಟ್ ಕರಗಲು 34 ಡಿಗ್ರಿಯ ಆಸುಪಾಸು ಸಾಕು. ಕರಗಿದ್ದು ಹರಿದು ಸಹಿ ಪುಸ್ತಕದ ಹಾಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ನಂತರ ಜೂನ್ ಬರುತ್ತದೆ, ಧಾರವಾಡದ ಜಿಟಿಜಿಟಿ ಮಳೆ ಹಿಡಿಯುತ್ತದೆ, ತೇವಕ್ಕೆ ಎಲ್ಲವೂ ಬೂಸು ಹಿಡಿಯುತ್ತದೆ. ಯಾರು ಯಾವ ದಿನ ಬಂದರು, ಎಂಥ ಗಾಳಿಯಲ್ಲಿ ಹತ್ತಿದರು, ಯಾವ ಹಕ್ಕಿ ಕಂಡರು ಎಂದು ಅಪರಿಚಿತರು ಬರೆದಿಟ್ಟ ಸಾಲುಗಳೇ ಈ ಆಟದ ಸಾರ. ಆ ಪುಸ್ತಕ ಹೋದರೆ ಉಳಿಯುವುದು ಬರಿಯ ಪ್ಲಾಸ್ಟಿಕ್ ಡಬ್ಬಿ.

ಪೇಢಾದ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ನಮ್ಮ ಅಭಿಮಾನದ ವಸ್ತು, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸಿಹಿ. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಈ ಪದಾರ್ಥ ಎಷ್ಟಾದರೂ ಹಾಲಿನದು. 5ರಿಂದ 60 ಡಿಗ್ರಿಯ ನಡುವಿನ ಶಾಖದಲ್ಲಿ ಆಹಾರದೊಳಗಿನ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಗುಡ್ಡದ ಡಬ್ಬಿ ಹಗಲೂ ರಾತ್ರಿ ಇರುವುದು ಅದೇ ಶಾಖದಲ್ಲಿ. ಬಿಡಿಯಾಗಿ ಮಾರುವ ಸಿಹಿಗೂ ಯಾವ ದಿನಾಂಕದೊಳಗೆ ತಿನ್ನಬೇಕೆಂದು ಅಂಗಡಿಯವರು ತೋರಿಸಬೇಕೆಂಬ ನಿಯಮವನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಅಕ್ಟೋಬರ್‌ನಿಂದ ಜಾರಿಗೆ ತಂದಿದೆ. ನಿಮ್ಮ ಡಬ್ಬಿಯಲ್ಲಿ ಆ ದಿನಾಂಕವಿರಲಿಲ್ಲ. ಮುಂದೆ ಬರುವವರಲ್ಲಿ ಏಳೆಂಟು ವರ್ಷದ ಮಗುವೂ ಇರಬಹುದು, ಶೇಂಗಾ ಒಗ್ಗದ ಮೈಯೂ ಇರಬಹುದು. ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡ ಎಂದು ನಾವೇ ಮಕ್ಕಳಿಗೆ ಹೇಳಿ ಬೆಳೆಸುತ್ತೇವೆ. ಅದೇ ಮಕ್ಕಳು ಪೊದೆಯಲ್ಲಿ ಸಿಕ್ಕ ಡಬ್ಬಿಯ ಸಿಹಿಯನ್ನು ಬಾಯಿಗಿಡಲಿ ಎಂದು ಹೇಗೆ ಬಯಸುವುದು? ಧಾರವಾಡದ ಹೆಸರು ಹೇಳಲು ಹೋದ ಪೇಢಾ ಯಾರ ಹೊಟ್ಟೆಯನ್ನಾದರೂ ಕೆಡಿಸಿದರೆ ಆ ಕೆಟ್ಟ ಹೆಸರೂ ಊರಿಗೇ.

ಅಂಗಡಿಯಲ್ಲಿ ಸಿಗುವ ಮುದ್ರೆ ಒತ್ತಿದ ಬಿಸ್ಕತ್ತು, ಪೆಪ್ಪರಮಿಂಟು ಇಟ್ಟರೆ ಹೇಗೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅವೂ ಬೇಡ. ಇಲಿಗೆ ಮುದ್ರೆಯ ಹಂಗಿಲ್ಲ. ತಿನ್ನುವ ವಸ್ತುವಲ್ಲದಿದ್ದರೂ ವಾಸನೆ ಬೀರುವ ಸಾಬೂನು, ಊದುಬತ್ತಿ, ಸುಗಂಧದ ಮೇಣದಬತ್ತಿ ಕೂಡ ಬೇಡ. ಹಾವೇರಿಯ ಏಲಕ್ಕಿ ಹಾರದ ಒಂದು ಎಳೆ ಇಟ್ಟರೆ ಎಷ್ಟು ಚೆಂದ ಎಂದು ಯಾರಿಗಾದರೂ ಅನ್ನಿಸೀತು, ನನಗೂ ಅನ್ನಿಸಿತು. ಆದರೆ ಏಲಕ್ಕಿಯ ಘಮ ನಮ್ಮನ್ನು ಸೆಳೆಯುವಂತೆಯೇ ಉಳಿದ ಮೂಗುಗಳನ್ನೂ ಸೆಳೆಯುತ್ತದೆ. ಬೀಜ, ಬೀಜದುಂಡೆಗಳೂ ಬೇಡ.

ಕಪ್ಪತಗುಡ್ಡದ ವಿಷಯದಲ್ಲಿ ನಾನು ಕೈ ಜೋಡಿಸಿ ಕೇಳುತ್ತೇನೆ. ಅದು ನಮ್ಮ ಬಯಲುಸೀಮೆಯ ಉಸಿರು. ಔಷಧಿ ಸಸ್ಯಗಳ ಆ ಗುಡ್ಡಸಾಲನ್ನು ಗಣಿಗಾರಿಕೆಯಿಂದ ಉಳಿಸಿಕೊಳ್ಳಲು ಗದಗ ಜಿಲ್ಲೆಯ ಜನ ಬೀದಿಗಿಳಿದು ಹೋರಾಡಿದ್ದಾರೆ. ತೋಂಟದ ಸಿದ್ಧಲಿಂಗ ಸ್ವಾಮೀಜಿ ಆ ಹೋರಾಟಕ್ಕೆ ಬೆನ್ನೆಲುಬಾಗಿ ನಿಂತಿದ್ದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆ ಅಲ್ಲಿ ಇನ್ನೂ ಬದುಕಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಹೋಗಲು ಅನುಮತಿ ಬೇಕು, ಅಲ್ಲಿ ಕಸ ಬಿಡುವುದು ಅಪರಾಧ. ತಿನಿಸಿನ ವಾಸನೆ ಹಿಡಿದು ಊರ ನಾಯಿಗಳು ಗುಡ್ಡ ಹತ್ತಲು ಕಲಿತರೆ ಅವುಗಳ ಜೊತೆ ರೋಗವೂ ಹತ್ತುತ್ತದೆ. ನಾಯಿಯ ರೋಗಗಳು ತೋಳಕ್ಕೂ ತಗಲುತ್ತವೆ. ಆದ್ದರಿಂದ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಅಲ್ಲಿ ಯಾವ ಡಬ್ಬಿಯನ್ನೂ ಇಡಬೇಡಿ, ಖಾಲಿ ಡಬ್ಬಿಯನ್ನೂ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೂ ಇದೇ ಮಾತು. ಲಕ್ಕುಂಡಿಯಂಥ ಸಂರಕ್ಷಿತ ಸ್ಮಾರಕಗಳ ಕಲ್ಲುಸಂದಿಗಳನ್ನೂ ಬಿಟ್ಟುಬಿಡಿ.

ಹಾಗಾದರೆ ಊರಿನ ಗುರುತಾಗಿ ಏನಿಡುವುದು? ಇಲ್ಲಿ ನಮ್ಮ ಸೀಮೆಗೆ ಬಡತನವಿಲ್ಲ. ಕಸೂತಿ ಹಾಕಿದ ಅಂಗೈಯಗಲದ ಬಟ್ಟೆ ಇಡಿ; ಗೋಪುರವನ್ನೋ ತೇರನ್ನೋ ಮಕ್ಕಳೇ ದಾರ ಎಣಿಸಿ ಹೊಲಿಯಲಿ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿಯ ಹೆಸರು ಬರೆದ ಖಾದಿಯ ತುಂಡು ಇಡಿ. ಚಲಾವಣೆ ನಿಂತ ಚಾರಾಣೆ, ಕವಡೆ, ಮಕ್ಕಳು ಬರೆದ ಸಾಧನಕೇರಿಯ ಚಿತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹೊದಿಸಿ ಇಡಿ. ಗೋಲಿ, ಬಗರಿ ಹೇಗೂ ಇವೆ. ಪೇಢಾದ ಮಾತು ಬಾರದೆ ಇರಲಾರದು ಎಂದಾದರೆ ಅದು ಸಿಗುವ ಲೈನ್ ಬಜಾರಿನ ದಾರಿಯನ್ನು ಮಕ್ಕಳು ಒಂದು ಚೀಟಿಯಲ್ಲಿ ನಕ್ಷೆ ಬರೆದಿಡಲಿ. ಬಂದವರು ಗುಡ್ಡ ಇಳಿದು ಹೋಗಿ ತಾಜಾ ಪೇಢಾ ತಿನ್ನುತ್ತಾರೆ.

ಈಗಿರುವ ಡಬ್ಬಿಯನ್ನು ಮಾತ್ರ ಆದಷ್ಟು ಬೇಗ ಮನೆಗೆ ತನ್ನಿ. ಸಿಹಿ ಒಮ್ಮೆ ಇದ್ದ ಡಬ್ಬಿಯನ್ನು ಎಷ್ಟು ತೊಳೆದರೂ ವಾಸನೆ ಪೂರ್ತಿ ಹೋಗುವುದು ಕಷ್ಟ. ಅದನ್ನು ಅಡುಗೆಮನೆಗೆ ಬಿಟ್ಟು, ಗುಡ್ಡಕ್ಕೆ ಹೊಸ ಡಬ್ಬಿ ಒಯ್ಯಿರಿ. ಮಣ್ಣು ಅಗೆದು ಹೂಳಬೇಡಿ. ಹೊರಗೆ ಕನ್ನಡದಲ್ಲಿ ದೊಡ್ಡದಾಗಿ ‘ಇದು ಆಟದ ಡಬ್ಬಿ, ಅಪಾಯವಿಲ್ಲ’ ಎಂದು ಬರೆದು, ಜಾಗ ಯಾರದೋ ಅವರ ಒಪ್ಪಿಗೆ ಪಡೆಯಿರಿ; ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಪೊಲೀಸರನ್ನು ಕರೆಯುವ ಕಾಲವಿದು. ಆ ಹುಬ್ಬಳ್ಳಿಯ ಯುವಕನಿಗೆ ಮಕ್ಕಳಿಂದ ಒಂದು ಉತ್ತರವನ್ನೂ ಸಹಿ ಪುಸ್ತಕದಲ್ಲಿ ಬರೆಸಿ. ಅವನು ಮತ್ತೊಮ್ಮೆ ಬಂದೇ ಬರುತ್ತಾನೆಂದು ನನ್ನ ನಂಬಿಕೆ.

ಸ್ಥಳದ ಪ್ರಕಟಣೆಯ ಬಗ್ಗೆ: ಕಪ್ಪತಗುಡ್ಡದ್ದನ್ನು ಪ್ರಕಟಿಸುವುದಿಲ್ಲ. ಧಾರವಾಡದ ಗುಡ್ಡದ ಹೊಸ ಡಬ್ಬಿಯ ಅಕ್ಷಾಂಶ ರೇಖಾಂಶ, ಜಾಗದವರ ಒಪ್ಪಿಗೆ ಪತ್ರದ ಪ್ರತಿ, ಒಳಗಿಟ್ಟ ವಸ್ತುಗಳ ಪಟ್ಟಿ, ಈ ಮೂರನ್ನೂ ಕಳುಹಿಸಿದರೆ ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಖಂಡಿತ ಹಾಕುತ್ತೇವೆ. ಪಟ್ಟಿಯನ್ನು ಮಕ್ಕಳ ಕೈಬರಹದಲ್ಲಿಯೇ ಕಳುಹಿಸಿ, ಹಾಗೆಯೇ ಅಚ್ಚು ಹಾಕುತ್ತೇವೆ.

— ಸಂಪಾದಕ