ಅಟ್ಲಾಂಟಿಕ್ ದಾಟಲು ಯಾವ ವಿಮಾನ ನಂಬಬಹುದು?

ಪ್ರಶ್ನೆ: ಮೇಡಂ, ನಾವು ಜರ್ಮನಿಯ ಫ್ರಾಂಕ್‌ಫರ್ಟ್ ಹತ್ತಿರ ಇದ್ದೇವೆ. ಅಕ್ಕ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಳೆ. ಆಗಸ್ಟ್‌ನಲ್ಲಿ ಒಂದು ಶನಿವಾರ ಸಂಜೆ ಅವಳ ಮಗಳ ರಂಗಪ್ರವೇಶ. ಅಪ್ಪ ಅಮ್ಮ ಶಿವಮೊಗ್ಗದಿಂದ ಜುಲೈನಲ್ಲೇ ನಮ್ಮ ಮನೆಗೆ ಬರುತ್ತಾರೆ. ಇಲ್ಲಿಂದ ನಾವು ಐದು ಜನ ಒಟ್ಟಿಗೆ ಹೋಗಿ, ಮತ್ತೆ ಇಲ್ಲಿಗೇ ಬರುವ ಯೋಚನೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಮೂರು ದಾರಿ ಕಾಣಿಸುತ್ತಿವೆ. ಫ್ರಾಂಕ್‌ಫರ್ಟ್‌ನಿಂದ ನೇರ ವಿಮಾನ, ದುಬಾರಿ. ಐಸ್‌ಲ್ಯಾಂಡಿನ ರೇಕ್ಯಾವಿಕ್ ಮೂಲಕ, ಸ್ವಲ್ಪ ಕಡಿಮೆ. ಲಂಡನ್ ತನಕ ಒಂದು ಟಿಕೆಟ್, ಅಲ್ಲಿಂದ ಬೇರೆ ಕಂಪನಿಯ ಇನ್ನೊಂದು ಟಿಕೆಟ್, ಎಲ್ಲಕ್ಕಿಂತ ಅಗ್ಗ. ಯಾವ ಕಂಪನಿಯನ್ನು ನಂಬಬಹುದು?

ಉತ್ತರ: ಟಿಕೆಟ್ ನೋಡುವುದಕ್ಕೆ ಮೊದಲು ಅಪ್ಪ ಅಮ್ಮನ ಷೆಂಗೆನ್ ವೀಸಾ, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ, ನೋಡಿ. ಎಷ್ಟು ಸಲ ಒಳಗೆ ಬರಬಹುದು ಅನ್ನುವ ಕಡೆ ‘01’ ಅಂತ ಇದ್ದರೆ, ಜರ್ಮನಿಯಿಂದ ಅಮೆರಿಕಕ್ಕೆ ಹೊರಟ ಕೂಡಲೇ ಆ ವೀಸಾ ಮುಗಿದಂತೆ. ಮತ್ತೆ ನಿಮ್ಮ ಮನೆಗೆ ಬರಲು ಆಗುವುದಿಲ್ಲ. ಅಲ್ಲಿ ‘ಮಲ್ಟ್’ (MULT), ಅಂದರೆ ಹಲವು ಸಲ, ಅಂತ ಇರಬೇಕು. ವೀಸಾಗೆ ಇನ್ನೂ ಅರ್ಜಿ ಹಾಕಿಲ್ಲ ಅಂದರೆ, ಅಮೆರಿಕಕ್ಕೆ ಹೋಗಿ ವಾಪಸ್ ಬರುವ ವಿಷಯವನ್ನು ಅರ್ಜಿಯಲ್ಲೇ ಬರೆಯಿರಿ. ‘01’ ಬಂದುಬಿಟ್ಟಿದ್ದರೆ ಅವರಿಗೆ ನ್ಯೂಯಾರ್ಕ್‌ನಿಂದಲೇ ಬೆಂಗಳೂರಿಗೆ ಟಿಕೆಟ್ ಮಾಡಿ. ವಿಮಾನ ಎಷ್ಟೇ ಒಳ್ಳೆಯದಿರಲಿ, ಈ ಒಂದು ವಿಷಯ ತಪ್ಪಿದರೆ ವಯಸ್ಸಾದವರು ಕೌಂಟರ್ ಮುಂದೆ ನಿಂತುಬಿಡಬೇಕಾಗುತ್ತದೆ.

ಈಗ ನಿಮ್ಮ ಪ್ರಶ್ನೆ. ವಿಮಾನ ತಡವಾಗುವುದು, ರದ್ದಾಗುವುದು ಎಲ್ಲ ಕಂಪನಿಗೂ ಆಗುತ್ತದೆ. ಟಿಕೆಟ್ ಕೇಳಿಕೊಂಡು ಬಂದವರಿಗೆ ನಾನು ಹೇಳುವುದು ಒಂದೇ. ಹೊರಡುವ ದಿನ ಬೆಳಿಗ್ಗೆ ಈ ವಿಮಾನ ರದ್ದಾಯಿತು ಅಂತ ಇಟ್ಟುಕೊಳ್ಳಿ. ನಿಮ್ಮ ಐದು ಜನರನ್ನು ಯಾರು, ಯಾವ ವಿಮಾನದಲ್ಲಿ, ಎಷ್ಟು ಬೇಗ ಕಳಿಸುತ್ತಾರೆ? ಇದಕ್ಕೆ ಸರಿಯಾದ ಉತ್ತರ ಇರುವ ಟಿಕೆಟ್ಟೇ ನಂಬಬಹುದಾದ ಟಿಕೆಟ್.

ಈ ಕಣ್ಣಿನಿಂದ ನೋಡಿದರೆ ಲಂಡನ್ ದಾರಿ ಮೊದಲೇ ಬಿದ್ದುಹೋಗುತ್ತದೆ. ಎರಡು ಬೇರೆ ಟಿಕೆಟ್ ಅಂದರೆ ಎರಡು ಬೇರೆ ಒಪ್ಪಂದ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ, ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಅಷ್ಟೇ. ಹೊಸ ಟಿಕೆಟ್ ನಿಮ್ಮ ಕೈಯಿಂದ. ಅದೂ ಆಗಸ್ಟ್ ತಿಂಗಳ ಬೆಲೆಯಲ್ಲಿ, ಐದು ಜನಕ್ಕೆ. ಜೊತೆಗೆ ಲಂಡನ್‌ನಲ್ಲಿ ಇಮಿಗ್ರೇಶನ್ ದಾಟಿ, ಬ್ಯಾಗ್ ತೆಗೆದುಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿ ಬ್ರಿಟನ್ ವೀಸಾದ ಪ್ರಶ್ನೆ ಎದುರಾಗುತ್ತದೆ. ಮಂಡಿ ನೋವಿನ ಅಮ್ಮನನ್ನು ಈ ದಾರಿಯಲ್ಲಿ ಕರೆದುಕೊಂಡು ಹೋಗಬೇಡಿ, ದಯವಿಟ್ಟು.

ರೇಕ್ಯಾವಿಕ್ ದಾರಿ ಕೆಟ್ಟದ್ದಲ್ಲ. ಇಡೀ ಪ್ರಯಾಣ ಐಸ್‌ಲ್ಯಾಂಡೇರ್‌ನ ಒಂದೇ ಟಿಕೆಟ್‌ನಲ್ಲಿದ್ದರೆ, ಮಧ್ಯದಲ್ಲಿ ವಿಮಾನ ತಪ್ಪಿದರೂ ಮುಂದಕ್ಕೆ ಕಳಿಸುವುದು ಅವರ ಜವಾಬ್ದಾರಿ. ಆದರೆ ಆ ವಿಮಾನ ನಿಲ್ದಾಣದಲ್ಲಿ ಯುರೋಪಿನಿಂದ ಬರುವವು, ಅಮೆರಿಕಕ್ಕೆ ಹೊರಡುವವು ಎಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ನಡುವೆ ಸಿಗುವ ಸಮಯವೂ ಕಡಿಮೆ. ತಪ್ಪಿದರೆ ಬಹುಶಃ ಮಾರನೇ ದಿನವೇ. ಚಿಕ್ಕ ವಯಸ್ಸಿನವರು, ಟೈಮ್ ಇರುವವರು ಹೋಗಲಿ. ನಿಮಗೆ ಶನಿವಾರ ಸಂಜೆಯ ರಂಗಪ್ರವೇಶ ಇದೆ, ಅಲ್ವಾ?

ಹಾಗಾಗಿ ನೇರ ವಿಮಾನಕ್ಕೆ ದುಡ್ಡು ಕೊಡಿ ಅಂತಲೇ ನನ್ನ ಸಲಹೆ. ಆದರೆ ನೇರ ವಿಮಾನಗಳೆಲ್ಲ ಒಂದೇ ಅಲ್ಲ. ಅಟ್ಲಾಂಟಿಕ್ ಮೇಲೆ ಹಾರುವ ದೊಡ್ಡ ಕಂಪನಿಗಳು ಮೂರು ಗುಂಪು ಕಟ್ಟಿಕೊಂಡಿವೆ. ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ ಒಂದು ಕಡೆ. ಏರ್ ಫ್ರಾನ್ಸ್, ಕೆಎಲ್ಎಂ, ಡೆಲ್ಟಾ, ವರ್ಜಿನ್ ಅಟ್ಲಾಂಟಿಕ್ ಇನ್ನೊಂದು ಕಡೆ. ಬ್ರಿಟಿಷ್ ಏರ್‌ವೇಸ್, ಅಮೆರಿಕನ್, ಐಬೀರಿಯಾ, ಏರ್ ಲಿಂಗಸ್ ಮತ್ತೊಂದು ಕಡೆ. ಗುಂಪಿನೊಳಗೆ ಟಿಕೆಟ್ ಮಾರಾಟವೂ ಆದಾಯವೂ ಹಂಚಿಕೆ. ಪ್ರಯಾಣಿಕರಿಗೆ ಇದರ ಲಾಭ ಏನು ಅಂದರೆ, ಒಂದು ವಿಮಾನ ನಿಂತರೆ ಗುಂಪಿನ ಇನ್ನೊಂದು ಕಂಪನಿಯ ವಿಮಾನಕ್ಕೆ ಹತ್ತಿಸುವುದು ಸುಲಭ. ಫ್ರಾಂಕ್‌ಫರ್ಟ್‌ನಿಂದ ನ್ಯೂಯಾರ್ಕ್ ಕಡೆಗೆ ಲುಫ್ತಾನ್ಸಾ ಮತ್ತು ಯುನೈಟೆಡ್ ಸೇರಿದರೆ ದಿನಕ್ಕೆ ಹಲವು ವಿಮಾನ ಇರುತ್ತವೆ. ಇದೇ ಊರಿನಿಂದ ಸಿಂಗಾಪುರ್ ಏರ್‌ಲೈನ್ಸ್ ಕೂಡ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ಹಾರುತ್ತದೆ. ಊಟ, ಸೇವೆ ಎರಡಕ್ಕೂ ಒಳ್ಳೆಯ ಹೆಸರು. ಆದರೆ ದಿನಕ್ಕೆ ಒಂದೇ ವಿಮಾನ. ರಜೆಗೆ ಹೋಗುವವರಿಗೆ ಸಂತೋಷದಿಂದ ಹೇಳುತ್ತೇನೆ, ನಿಮಗೆ ಎರಡನೇ ಆಯ್ಕೆ.

ಬರೀ ಅಗ್ಗ ಅಂತ ಹೊಸ ಕಂಪನಿಗಳ ಹಿಂದೆ ಹೋಗುವವರಿಗೂ ಒಂದು ಮಾತು. ಅಟ್ಲಾಂಟಿಕ್ ಮೇಲೆ ಕಡಿಮೆ ದರದ ಕಂಪನಿಗಳು ಮುಳುಗಿದ ಚರಿತ್ರೆ ಉದ್ದವಿದೆ. 2018ರ ಅಕ್ಟೋಬರ್‌ನಲ್ಲಿ ಪ್ರೈಮೆರಾ, 2019ರ ಮಾರ್ಚ್‌ನಲ್ಲಿ ಐಸ್‌ಲ್ಯಾಂಡಿನ ವಾವ್, 2025ರ ಸೆಪ್ಟೆಂಬರ್‌ನಲ್ಲಿ ಅದೇ ದೇಶದ ಪ್ಲೇ. ಮೂರೂ ಇದ್ದಕ್ಕಿದ್ದ ಹಾಗೆ ನಿಂತವು, ಪ್ರಯಾಣಿಕರು ಅರ್ಧ ದಾರಿಯಲ್ಲಿ ಉಳಿದರು. ನಾರ್ವೇಜಿಯನ್ ಕೂಡ 2021ರ ಜನವರಿಯಲ್ಲಿ ದೂರದ ಹಾರಾಟ ಕೈಬಿಟ್ಟಿತು. ಕಡಿಮೆ ದರದವರೆಲ್ಲ ಹಾಗೆ ಅಂತ ನಾನು ಹೇಳುವುದಿಲ್ಲ. ತಗೊಳ್ಳುವುದಾದರೆ ಕ್ರೆಡಿಟ್ ಕಾರ್ಡ್‌ನಲ್ಲೇ ದುಡ್ಡು ಕಟ್ಟಿ. ಸೇವೆ ಸಿಗದಿದ್ದರೆ ಬ್ಯಾಂಕ್ ಮೂಲಕ ವಾಪಸ್ ಕೇಳುವ ದಾರಿ ಇರುತ್ತದೆ.

ಇನ್ನು ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ. ಐರೋಪ್ಯ ಒಕ್ಕೂಟದ 261ನೇ ನಿಯಮ 2004ರದ್ದು. ಅಟ್ಲಾಂಟಿಕ್ ದಾಟುವ ವಿಮಾನ ಕಂಪನಿಯ ತಪ್ಪಿನಿಂದ ರದ್ದಾದರೆ ಅಥವಾ ಊರು ಸೇರುವುದು ತುಂಬಾ ತಡವಾದರೆ ತಲೆಗೆ 600 ಯುರೋ ತನಕ ಪರಿಹಾರ. ಮೂರರಿಂದ ನಾಲ್ಕು ಗಂಟೆ ತಡವಾದರೆ ಅದನ್ನು 300ಕ್ಕೆ ಇಳಿಸಬಹುದು. ಬಿರುಗಾಳಿ, ವಾಯು ಸಂಚಾರ ನಿಯಂತ್ರಣದ ತೊಂದರೆ ಇಂಥವಕ್ಕೆ ಹಣ ಇಲ್ಲ. ಆದರೆ ಊಟ, ಹೋಟೆಲ್, ಬೇರೆ ವಿಮಾನ ಆಗಲೂ ಕೊಡಲೇಬೇಕು. ಕಂಪನಿಯ ಸ್ವಂತ ನೌಕರರ ಮುಷ್ಕರ ಇದ್ದರೂ ಹಣದಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ ಒಕ್ಕೂಟದ ನ್ಯಾಯಾಲಯ 2021ರಲ್ಲಿ ಹೇಳಿದೆ. ಜರ್ಮನಿಯಲ್ಲಿ 2024ರಲ್ಲಿ ಎಷ್ಟು ಮುಷ್ಕರ ಆದವು ಅಂತ ನಿಮಗೇ ಗೊತ್ತು. ನಿಯಮ ಬದಲಿಸುವ ಚರ್ಚೆಯೂ ನಡೆದಿದೆ, ಬುಕ್ ಮಾಡುವಾಗ ಆಗಿನ ರೂಪ ನೋಡಿಕೊಳ್ಳಿ.

ಈಗ ಸೂಕ್ಷ್ಮ ಇಲ್ಲಿದೆ. ಯುರೋಪಿನಿಂದ ಹೊರಡುವಾಗ ಯಾವ ದೇಶದ ಕಂಪನಿಯಾದರೂ ಈ ನಿಯಮಕ್ಕೆ ಒಳಪಡುತ್ತದೆ. ಅಮೆರಿಕದಿಂದ ವಾಪಸ್ ಬರುವಾಗ ಯುರೋಪಿನ ಕಂಪನಿ ಮಾತ್ರ. ಅಂದರೆ ಫ್ರಾಂಕ್‌ಫರ್ಟ್‌ನಿಂದ ಹೋಗುವಾಗ ಯುನೈಟೆಡ್ ಆದರೂ ಸರಿ, ಲುಫ್ತಾನ್ಸಾ ಆದರೂ ಸರಿ. ಬರುವಾಗ ಲುಫ್ತಾನ್ಸಾ ವಿಮಾನವೇ ಆಗಿದ್ದರೆ ನಿಮ್ಮ ಬೆನ್ನಿಗೆ ಕಾನೂನು ಇರುತ್ತದೆ. ಟಿಕೆಟ್ ಮೇಲೆ ಲುಫ್ತಾನ್ಸಾ ನಂಬರ್ ಇದ್ದರೆ ಸಾಲದು. ಪಾಲುದಾರ ಕಂಪನಿಗಳು ಒಬ್ಬರ ವಿಮಾನವನ್ನು ಇನ್ನೊಬ್ಬರ ನಂಬರ್‌ನಲ್ಲಿ ಮಾರುತ್ತವೆ. ಕೆಳಗೆ ಸಣ್ಣ ಅಕ್ಷರದಲ್ಲಿ ವಿಮಾನ ಹಾರಿಸುವವರು ಯಾರು ಅಂತ ಬರೆದಿರುತ್ತದೆ. ಕಾನೂನು ನೋಡುವುದು ಆ ಹೆಸರನ್ನು.

ಅಮೆರಿಕದಲ್ಲಿ ತಡಕ್ಕೆ ಇಂಥ ಪರಿಹಾರ ಇಲ್ಲ. 2024ರ ಕೊನೆಯಿಂದ ಅಲ್ಲಿ ಒಂದು ನಿಯಮ ಬಂದಿದೆ. ಅಂತರರಾಷ್ಟ್ರೀಯ ವಿಮಾನ ರದ್ದಾಗಿ, ಇಲ್ಲವೇ ಆರು ಗಂಟೆ ಅಥವಾ ಹೆಚ್ಚು ತಡವಾಗಿ, ನೀವು ಪ್ರಯಾಣ ಬೇಡ ಅಂದರೆ ಪೂರ್ತಿ ದುಡ್ಡು ವಾಪಸ್ ಕೊಡಬೇಕು. ವೋಚರ್ ತಗೊಳ್ಳಿ ಅಂತ ಒತ್ತಾಯಿಸುವ ಹಾಗಿಲ್ಲ.

ಎಡಿಸನ್‌ಗೆ ನ್ಯೂವಾರ್ಕ್ ನಿಲ್ದಾಣ ಹತ್ತಿರ. ಜೆಎಫ್‌ಕೆಯಲ್ಲಿ ಇಳಿದರೆ ನಗರ, ಸೇತುವೆ ಎಲ್ಲ ದಾಟಿ ಬರಬೇಕು. ಆದರೂ ಎರಡನ್ನೂ ತೂಗಿ ನೋಡಿ. 2025ರ ವಸಂತದಲ್ಲಿ ನ್ಯೂವಾರ್ಕ್‌ನಲ್ಲಿ ರೇಡಾರ್ ಸಂಪರ್ಕ ಕಡಿದು ದಿನಗಟ್ಟಲೆ ವಿಮಾನಗಳು ಅಸ್ತವ್ಯಸ್ತ ಆಗಿದ್ದವು. ಬೇಸಿಗೆಯಲ್ಲಿ ಆ ಕರಾವಳಿಗೆ ಮಧ್ಯಾಹ್ನದ ನಂತರ ಗುಡುಗು ಮಳೆ ಬರುತ್ತದೆ, ಸಂಜೆಯ ವಿಮಾನಗಳು ಒಂದರ ಹಿಂದೆ ಒಂದು ಜಾರುತ್ತವೆ. ಬೆಳಿಗ್ಗೆಯೇ ಫ್ರಾಂಕ್‌ಫರ್ಟ್ ಬಿಡುವ, ಮಧ್ಯಾಹ್ನದ ಹೊತ್ತಿಗೆ ಇಳಿಯುವ ವಿಮಾನ ಹುಡುಕಿ. ಫ್ಲೈಟ್‌ರೇಡಾರ್24 ತರಹದ ತಾಣದಲ್ಲಿ ವಿಮಾನದ ನಂಬರ್ ಹಾಕಿದರೆ ಹಿಂದಿನ ದಿನಗಳಲ್ಲಿ ಅದು ಎಷ್ಟು ಗಂಟೆಗೆ ಇಳಿಯಿತು ಅಂತ ಕಾಣುತ್ತದೆ. ಎರಡು ವಾರ ಸುಮ್ನೆ ಗಮನಿಸುತ್ತಾ ಇರಿ. ಅರ್ಧ ಗಂಟೆ ತಡಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ರದ್ದು ಎಷ್ಟು ಸಲ ಅಂತ ನೋಡಿ.

ಶನಿವಾರದ ಕಾರ್ಯಕ್ರಮಕ್ಕೆ ಬುಧವಾರ ಹೊರಡಿ. ಗುರುವಾರ ಕೈಯಲ್ಲಿ ಇರಲಿ. ಒಂದು ದಿನ ಜಾಸ್ತಿ ರಜೆ ಹಾಕಿದರೆ ಏನೂ ನಷ್ಟ ಇಲ್ಲ. ಅಜ್ಜ ಅಜ್ಜಿ ಮುಂದಿನ ಸಾಲಿನಲ್ಲಿ ಇಲ್ಲದ ರಂಗಪ್ರವೇಶ ಆ ಹುಡುಗಿಗೆ ಬೇಡ.

ಅಮ್ಮನ ಗಾಲಿಕುರ್ಚಿಗೆ ಹೊರಡುವ 48 ಗಂಟೆ ಮುಂಚೆ ತಿಳಿಸಬೇಕು. ಯುರೋಪಿನಲ್ಲಿ ಇದು ಪೂರ್ತಿ ಉಚಿತ, ಕೇಳಲು ಸಂಕೋಚ ಬೇಡ. ಊರಿನಿಂದ ಭರತನಾಟ್ಯದ ಒಡವೆ, ಹೊಲಿಸಿದ ಉಡುಪು ತರುತ್ತಿದ್ದರೆ ಅದು ಕೈಚೀಲದಲ್ಲೇ ಇರಲಿ, ಔಷಧಿಯ ಪಕ್ಕದಲ್ಲಿ. ಚೆಕ್-ಇನ್ ಬ್ಯಾಗ್ ಕಳೆದರೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಕಂಪನಿಯ ಹೊಣೆ ಎಷ್ಟು ಅಂತ ಹೇಳುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಬ್ಬರಿಗೆ ಸಿಗುವುದು ಹೆಚ್ಚೆಂದರೆ 2,000 ಡಾಲರ್ ಆಸುಪಾಸು. ಬ್ಯಾಗ್ ಹಾಳಾಗಿದ್ದರೆ ಏಳು ದಿನದೊಳಗೆ, ತಡವಾಗಿ ಸಿಕ್ಕರೆ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು.

ಕೊನೆಗೆ, ಟಿಕೆಟನ್ನು ಕಂಪನಿಯ ತಾಣದಲ್ಲೇ ತೆಗೆದುಕೊಳ್ಳಿ. ಮಧ್ಯವರ್ತಿ ತಾಣದಲ್ಲಿ ಮೂವತ್ತು ನಲವತ್ತು ಯುರೋ ಉಳಿಯಬಹುದು. ಆದರೆ ಗೊಂದಲದ ದಿನ ಕಂಪನಿ ‘ಅವರನ್ನು ಕೇಳಿ’ ಅನ್ನುತ್ತದೆ, ಅವರು ‘ಕಂಪನಿಯನ್ನು ಕೇಳಿ’ ಅನ್ನುತ್ತಾರೆ. ಐದೂ ಜನ ಒಂದೇ ಬುಕಿಂಗ್‌ನಲ್ಲಿ ಇರಲಿ, ಆಗ ಬೇರೆ ವಿಮಾನಕ್ಕೆ ಬದಲಿಸುವಾಗ ಮನೆಯವರನ್ನು ಚದುರಿಸುವುದು ಕಡಿಮೆ. ಅಪ್ಪ ಅಮ್ಮನದು ವಾಪಸ್ ದಾರಿ ಬೇರೆಯಾದರೆ, ಅವರಿಬ್ಬರಿಗೆ ಬೇರೆ ಬುಕಿಂಗ್ ಮಾಡಿ, ಎರಡನ್ನೂ ಜೋಡಿಸಿ ಗುರುತು ಹಾಕಲು ಕಂಪನಿಗೆ ಫೋನ್ ಮಾಡಿ ಹೇಳಿ.

ಪ್ರಶ್ನೆ: ನಾನು ಬೆಂಗಳೂರಿನಿಂದ ಯುರೋಪಿನ ಒಂದು ಕಂಪನಿಯಲ್ಲಿ, ಫ್ರಾಂಕ್‌ಫರ್ಟ್ ಮೂಲಕ, ಒಂದೇ ಟಿಕೆಟ್‌ನಲ್ಲಿ ಬಾಸ್ಟನ್‌ಗೆ ಹೋದೆ. ಮೊದಲ ವಿಮಾನ ತಡವಾಗಿ, ಎರಡನೆಯದು ತಪ್ಪಿ, ಮಾರನೇ ದಿನ ತಲುಪಿದೆ. ನನಗೆ 600 ಯುರೋ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ. ಕಂಪನಿಯೂ ಯುರೋಪಿನದು, ನಡುವೆ ವಿಮಾನ ಬದಲಿಸಿದ ಊರೂ ಯುರೋಪಿನದು, ಮತ್ತೇಕೆ ಇಲ್ಲ ಅಂತ ಅನಿಸುವುದು ಸಹಜ. ಆದರೆ ಒಂದೇ ಟಿಕೆಟ್‌ನಲ್ಲಿ ಹೊರಟ ಊರೂ ಸೇರುವ ಊರೂ ಒಕ್ಕೂಟದ ಹೊರಗಿದ್ದು, ನಡುವೆ ವಿಮಾನ ಬದಲಿಸಿದ್ದು ಮಾತ್ರ ಒಳಗಿದ್ದರೆ 261ನೇ ನಿಯಮ ಅನ್ವಯಿಸದು ಅಂತ ಐರೋಪ್ಯ ನ್ಯಾಯಾಲಯ 2022ರಲ್ಲಿ ಆದೇಶ ಕೊಟ್ಟಿದೆ. ನಮ್ಮ ಕಡೆಯಿಂದ ಅಮೆರಿಕಕ್ಕೆ ಹೋಗುವ ಬಹಳ ಜನ ಈ ಗುಂಪಿಗೇ ಸೇರುತ್ತಾರೆ. ಹಣ ಕೊಡಿಸುತ್ತೇವೆ ಅನ್ನುವ ಏಜೆನ್ಸಿಗಳಿಗೆ ಮುಂಗಡ ಶುಲ್ಕ ಕೊಡಬೇಡಿ.

ನಿಮಗೆ ಇನ್ನೊಂದು ದಾರಿ ಇದೆ. ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ, ಅಮೆರಿಕವೂ ಅದರಲ್ಲಿದೆ. ತಡದಿಂದ ನಿಮಗೆ ನಿಜವಾಗಿ ಆದ ಖರ್ಚನ್ನು ಅದರಡಿ ಕೇಳಬಹುದು. ಹೋಟೆಲ್, ಊಟ, ಟ್ಯಾಕ್ಸಿ, ಅನಿವಾರ್ಯವಾಗಿ ಕೊಂಡ ಬಟ್ಟೆ, ಎಲ್ಲದರ ರಸೀದಿ ಬೇಕು. ತಡ ತಪ್ಪಿಸಲು ಆಗುವಷ್ಟೆಲ್ಲ ಮಾಡಿದ್ದೇವೆ ಅಂತ ಕಂಪನಿ ತೋರಿಸಿದರೆ ಸಿಗದೆಯೂ ಇರಬಹುದು. ಮೊಕದ್ದಮೆಗೆ ಎರಡು ವರ್ಷದ ಗಡುವು. ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಪ್ರಶ್ನೆ: ನನಗೆ 72 ವರ್ಷ, ಮೈಸೂರು. ಮಗಳು ಕೆನಡಾಕ್ಕೆ ಕರೆಯುತ್ತಿದ್ದಾಳೆ. ಅಹಮದಾಬಾದ್ ದುರಂತದ ನಂತರ ಮನಸ್ಸು ಒಪ್ಪುತ್ತಿಲ್ಲ. ಎರಡೇ ಎಂಜಿನ್ ಇರುವ ವಿಮಾನ ಸಮುದ್ರದ ಮಧ್ಯೆ ಕೆಟ್ಟರೆ ಏನು ಗತಿ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2025ರ ಜೂನ್ 12ರ ಚಿತ್ರಗಳನ್ನು ನೋಡಿದ ಯಾರಿಗೂ ಹಾಗೇ ಆಗುತ್ತದೆ. ಆದರೆ ಸಮುದ್ರದ ಮಧ್ಯದ ಪ್ರಶ್ನೆಗೆ ಸ್ಪಷ್ಟ ಉತ್ತರವಿದೆ. ಇವತ್ತು ಅಟ್ಲಾಂಟಿಕ್ ದಾಟುವ ಬಹುಪಾಲು ವಿಮಾನಗಳಿಗೆ ಎರಡೇ ಎಂಜಿನ್. 1985ರಲ್ಲಿ ಅಮೆರಿಕದ ಟಿಡಬ್ಲ್ಯುಎ ಕಂಪನಿ ಬಾಸ್ಟನ್‌ನಿಂದ ಪ್ಯಾರಿಸ್‌ಗೆ ಎರಡೇ ಎಂಜಿನ್‌ನ ಬೋಯಿಂಗ್ 767ರಲ್ಲಿ ಹಾರಾಟ ಶುರು ಮಾಡಿದಾಗ ಒಂದು ಷರತ್ತು ಇತ್ತು. ಒಂದು ಎಂಜಿನ್ ನಿಂತರೂ, ಉಳಿದ ಒಂದರಿಂದಲೇ 120 ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಸೇರುವ ಹಾಗೆ ದಾರಿ ಹಾಕಬೇಕು. ಎಂಜಿನ್‌ಗಳು ನಂಬಿಕೆ ಗಳಿಸಿದಂತೆ ಆ ಮಿತಿ 180 ನಿಮಿಷಕ್ಕೆ, ಆಮೇಲೆ ಅದಕ್ಕೂ ಮೇಲೆ ಏರಿತು. ಒಂದೇ ಎಂಜಿನ್‌ನಲ್ಲಿ ಹಾರುವುದನ್ನು ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ.

ಉತ್ತರ ಅಟ್ಲಾಂಟಿಕ್ ನಕ್ಷೆ ತೆರೆದು ನೋಡಿ. ಐರ್ಲೆಂಡಿನ ಶಾನನ್, ಐಸ್‌ಲ್ಯಾಂಡಿನ ಕೆಫ್ಲಾವಿಕ್, ಅಜೋರ್ಸ್ ದ್ವೀಪದ ಲಾಜೆಸ್, ಕೆನಡಾದ ಗೂಸ್ ಬೇ ಮತ್ತು ಗ್ಯಾಂಡರ್. ಇವೆಲ್ಲ ದೊಡ್ಡ ವಿಮಾನ ಇಳಿಯಬಲ್ಲ ನಿಲ್ದಾಣಗಳು. 2001ರ ಸೆಪ್ಟೆಂಬರ್ 11ರಂದು ಅಮೆರಿಕ ಆಕಾಶ ಮುಚ್ಚಿದಾಗ ಚಿಕ್ಕ ಊರಾದ ಗ್ಯಾಂಡರ್ 38 ವಿಮಾನಗಳನ್ನು ಇಳಿಸಿಕೊಂಡು, ಸಾವಿರಾರು ಜನರಿಗೆ ಊಟ, ಹಾಸಿಗೆ ಕೊಟ್ಟಿತು.

ಕಂಪನಿ ಆರಿಸುವಾಗ ಎರಡು ಪಟ್ಟಿ ನೋಡಲು ಮಗಳಿಗೆ ಹೇಳಿ. ಒಂದು, ಸುರಕ್ಷತೆಯ ಕಾರಣಕ್ಕೆ ಐರೋಪ್ಯ ಒಕ್ಕೂಟ ನಿಷೇಧಿಸಿದ ಕಂಪನಿಗಳದು. ಇನ್ನೊಂದು, ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ ನಡೆಸುವ ಸುರಕ್ಷತಾ ತಪಾಸಣೆ ಪಾಸಾದ ಕಂಪನಿಗಳದು. ಎರಡೂ ಅವರವರ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲನೆಯದರಲ್ಲಿ ಇರಬಾರದು, ಎರಡನೆಯದರಲ್ಲಿ ಇರಬೇಕು. ಆಮೇಲೆ ರೆಕ್ಕೆಯ ಹತ್ತಿರದ, ನಡುದಾರಿ ಪಕ್ಕದ ಸೀಟು ಕೇಳಿ. ಅಲ್ಲಿ ಅಲುಗಾಟ ಕಡಿಮೆ, ಆಗಾಗ ಎದ್ದು ಓಡಾಡುವುದೂ ಸುಲಭ.