ಕೊಡಗಿನ ತೋಟದ ಮನೆಯಲ್ಲಿ ಒಡವೆ ಇಡಲು ಎಂಥ ಸೇಫ್ ತಗೊಳ್ಳಬೇಕು?

ಮೊದಲು ನೋಡಬೇಕಾದ್ದು ಬೀಗವಲ್ಲ, ಬೋಲ್ಟ್. 20 ಕೆಜಿಯ ಸೇಫನ್ನು ಸುಮ್ನೆ ಬೀರುವಿನೊಳಗೆ ಇಟ್ಟರೆ ಕಳ್ಳ ಅದನ್ನೇ ಎತ್ತಿಕೊಂಡು ಹೋಗುತ್ತಾನೆ, ಅಲ್ವಾ? ಹಿಂದೆ ಅಥವಾ ತಳದಲ್ಲಿ ಬೋಲ್ಟ್ ಹಾಕಲು ತೂತಿದೆಯಾ ನೋಡಿ, ಕಾಂಕ್ರೀಟಿಗೆ ಬಿಗಿಸಿ. ಹಳೇ ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಮಣ್ಣಿನ ಗೋಡೆ ಬೋಲ್ಟನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ.

ನಮ್ಮಲ್ಲಿ ಕಳ್ಳನಿಗಿಂತ ಮಳೆಗಾಲದ ತೇವದ ಕಾಟ ಜಾಸ್ತಿ. ಬೆಂಕಿ ತಡೆಯುವ ಸೇಫ್‌ನ ಗೋಡೆಯೊಳಗೇ ನೀರಿನಂಶ ಇರುತ್ತದೆ, ಹಾಗಾಗಿ ಒಳಗೆ ತೇವ ಇನ್ನೂ ಜಾಸ್ತಿ. ಜೋಮಾಲೆ, ಕೊಕ್ಕೆತಾತಿಯಂಥ ಕೊಡವ ಸರಗಳ ಚಿನ್ನಕ್ಕೆ ಏನೂ ಆಗದು. ಆದರೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಬೆಳ್ಳಿ ಕಪ್ಪಾಗುತ್ತದೆ, ಅಲಗಿಗೆ ತುಕ್ಕು, ತೋಟದ ಪತ್ರಗಳಿಗೆ ಬೂಷ್ಟು. ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ.

ಡಿಜಿಟಲ್ ಬೀಗ ಬ್ಯಾಟರಿಯದ್ದು, ಕರೆಂಟ್ ಹೋದರೂ ತೆರೆಯುತ್ತದೆ. ತುರ್ತಿನ ಕೀ ಮಾತ್ರ ಸೇಫ್ ಒಳಗೇ ಇಡಬೇಡಿ. (ನಾನು ಇಟ್ಟಿದ್ದೆ!)