ರಾತ್ರಿ ಫ್ರಿಜ್ ಬಂದ್ ಮಾಡಿದರೆ ಬಿಲ್ ಕಡಿಮೆಯಾಗುತ್ತದೆಯೇ?

ನಿಮ್ಮ 190 ಲೀಟರ್ ಫ್ರಿಜ್ಜಿನ 150 ವ್ಯಾಟ್‌ ಅನ್ನು 24 ಗಂಟೆಗಳಿಂದ ಗುಣಿಸಿ, ತಿಂಗಳಿಗೆ 108 ಯೂನಿಟ್ ಎಂದು ಲೆಕ್ಕ ಹಿಡಿದು, ರಾತ್ರಿ ಎಂಟು ಗಂಟೆ ಬಂದ್ ಮಾಡಿಟ್ಟರೆ 36 ಯೂನಿಟ್ ಉಳಿಯುತ್ತದೆಯೇ, ಇಲ್ಲವೇ ಐದು ನಕ್ಷತ್ರದ ಹೊಸ ಫ್ರಿಜ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಇದೇ ಗುಣಾಕಾರವನ್ನು ನಾನೂ ವಿಜಯಪುರದ ನಮ್ಮ ಬಾಡಿಗೆ ಮನೆಯಲ್ಲಿ ಕರೆಂಟ್ ಬಿಲ್ಲಿನ ಹಿಂಬದಿಗೆ ಬರೆದುಕೊಂಡು ಮಾಡಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಬಳಕೆ 200 ಯೂನಿಟ್ ದಾಟಿತ್ತು. ಗೃಹಜ್ಯೋತಿಯಲ್ಲಿ ಈ ಗಡಿ ದಾಟಿದ ತಿಂಗಳು, ದಾಟಿದಷ್ಟಕ್ಕೆ ಮಾತ್ರವಲ್ಲ, ಇಡೀ ಬಳಕೆಗೆ ಹಣ ಕಟ್ಟಬೇಕಾಗುತ್ತದೆ. ಮನೆಯಲ್ಲಿ ಹಗಲೂ ರಾತ್ರಿ ಚಾಲೂ ಇರುವುದು ಫ್ರಿಜ್ ಒಂದೇ ಆದ್ದರಿಂದ ನನ್ನ ಅನುಮಾನವೆಲ್ಲ ಅದರ ಮೇಲೆಯೇ ಹೋಯಿತು. ಅಂದಿನಿಂದ, ಊಟ ಮುಗಿದು ಹಾಲಿಗೆ ಹೆಪ್ಪು ಹಾಕಿದ ಮೇಲೆ ಫ್ರಿಜ್ ಬಂದ್ ಮಾಡುವುದು, ಬೆಳಗ್ಗೆ ಹಾಲಿನವರು ಬಂದಾಗ ಮತ್ತೆ ಚಾಲೂ ಮಾಡುವುದು ರೂಢಿಯಾಯಿತು.

ಇದರಲ್ಲಿ ತಪ್ಪೇನು ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡಹೊರಟಿದ್ದೀರಿ. ಫ್ರಿಜ್ಜಿನ ಕಂಪ್ರೆಸರ್ ಫ್ಯಾನಿನಂತೆ ಒಂದೇ ಸಮನೆ ತಿರುಗುವುದಿಲ್ಲ. ಒಳಗೆ ಬೇಕಾದಷ್ಟು ತಂಪಾದ ಕೂಡಲೇ ಥರ್ಮೋಸ್ಟಾಟ್ ಅದನ್ನು ನಿಲ್ಲಿಸುತ್ತದೆ. ಹೊರಗಿನ ಶಾಖ ಒಳಗೆ ಸೇರಿದ ಮೇಲೆ ಪುನಃ ಚಾಲೂ ಮಾಡುತ್ತದೆ. ಎಷ್ಟು ಶಾಖ ಒಳಗೆ ಸೇರುತ್ತದೆ ಎಂಬುದು ಮುಖ್ಯವಾಗಿ ಹೊರಗಿನ ಮತ್ತು ಒಳಗಿನ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ಅಡುಗೆಮನೆ 40 ಡಿಗ್ರಿ ಇದ್ದು ಫ್ರಿಜ್ಜಿನ ಒಳಗೆ 4 ಡಿಗ್ರಿ ಇದ್ದರೆ ಅಂತರ 36 ಡಿಗ್ರಿ. ಚಳಿಗಾಲದ ನಸುಕಿನಲ್ಲಿ ಅಡುಗೆಮನೆ 16 ಡಿಗ್ರಿಗೆ ಇಳಿದಾಗ ಅಂತರ ಬರೀ 12, ಅಂದರೆ ಮೂರನೆಯ ಒಂದು ಪಾಲು. ಬೇಸಿಗೆಯ ರಾತ್ರಿಯೂ ಮಧ್ಯಾಹ್ನಕ್ಕಿಂತ ತಂಪಾಗಿರುತ್ತದೆ, ಮೇಲಾಗಿ ಯಾರೂ ಬಾಗಿಲು ತೆರೆಯುವುದಿಲ್ಲ. ಹೀಗಾಗಿ ಫ್ರಿಜ್ ಅತಿ ಕಡಿಮೆ ಕರೆಂಟ್ ಬಳಸುವ ಹೊತ್ತಿನಲ್ಲೇ ನಾನು ಅದನ್ನು ಬಂದ್ ಮಾಡುತ್ತಿದ್ದೆ. ರಾತ್ರಿಯಿಡೀ ಒಳಗೆ ಸೇರಿದ ಶಾಖವನ್ನು ಬೆಳಗ್ಗೆ ಕಂಪ್ರೆಸರ್ ಹೊರಹಾಕಲೇಬೇಕು. ಒಳಗಿನ ಪದಾರ್ಥ ಬೆಚ್ಚಗಾದಷ್ಟು ಶಾಖ ಒಳಬರುವುದು ಕಡಿಮೆಯಾಗುತ್ತದೆ ನಿಜ, ಆದರೆ ಸಿಗುವ ಉಳಿತಾಯ ಅಷ್ಟೇ. ಅದನ್ನು ಪಡೆಯಬೇಕೆಂದರೆ ಪದಾರ್ಥ ಬೆಚ್ಚಗಾಗಲು ಬಿಡಬೇಕು.

ಅದಕ್ಕಿಂತ ದೊಡ್ಡ ಹಾನಿ ಬೇರೆಯೇ ಇತ್ತು. ಬೆಳಗ್ಗೆ ಚಾಲೂ ಮಾಡಿದ ಮೇಲೆ ಕಂಪ್ರೆಸರ್ ಗುಂಯ್ ಎನ್ನುತ್ತಲೇ ಇರುತ್ತಿತ್ತು. ರಾತ್ರಿ ಬಂದ್ ಇದ್ದುದರಿಂದ ಈಗ ಹೆಚ್ಚು ದುಡಿಯುತ್ತಿದೆ ಎಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ ಅದು ಮಧ್ಯಾಹ್ನವಾದರೂ, ಸಂಜೆಯಾದರೂ ನಿಲ್ಲುತ್ತಲೇ ಇರಲಿಲ್ಲ. ಫ್ರಿಜ್ ಕೆಟ್ಟಿದೆ ಎಂಬುದಕ್ಕೆ ಇದ್ದ ಒಂದೇ ಗುರುತನ್ನು ನನ್ನ ರಾತ್ರಿಯ ರೂಢಿ ಮುಚ್ಚಿಹಾಕಿತ್ತು.

ಅಪ್ಪನ ಇನ್ಸುಲಿನ್ ಆ ಫ್ರಿಜ್ಜಿನಲ್ಲೇ ಇತ್ತು. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಸಕ್ಕರೆ ಏರುತ್ತಿದೆಯೆಂದು ತೋರಿಸಲು ಹೋದಾಗ ಡಾಕ್ಟರು ಮೊದಲು ಕೇಳಿದ್ದು ಔಷಧ ಎಲ್ಲಿ ಇಡುತ್ತೀರಿ ಎಂದು. ನಾನು ಇದ್ದದ್ದನ್ನು ಹೇಳಿದೆ. ಉಳಿದ ಬಾಟಲಿಗಳನ್ನೆಲ್ಲ ಎಸೆದು ಹೊಸದು ತರಲು ಅವರು ಹೇಳಿದರು. ಆ ಒಂದು ಚೀಟಿಯ ಹಣ, ಫ್ರಿಜ್ ಬಂದ್ ಮಾಡಿ ಇಡೀ ಬೇಸಿಗೆಯಲ್ಲಿ ಉಳಿಸಬಹುದಾಗಿದ್ದ ಹಣಕ್ಕಿಂತ ಹೆಚ್ಚಿತ್ತು. ಅಪ್ಪನ ಆರೋಗ್ಯಕ್ಕೆ ಬೆಲೆ ಕಟ್ಟುವ ಮಾತೇ ಬೇರೆ.

ಆಮೇಲೆ ಕರೆಸಿದ ಮೆಕ್ಯಾನಿಕ್ ಯಾವ ಉಪಕರಣವನ್ನೂ ತೆಗೆಯಲಿಲ್ಲ. ಹತ್ತು ರೂಪಾಯಿಯ ನೋಟೊಂದನ್ನು ಬಾಗಿಲ ಸಂದಿನಲ್ಲಿ ಇಟ್ಟು ಬಾಗಿಲು ಮುಚ್ಚಿ ಎಳೆದರು. ಮೇಲ್ಭಾಗದಲ್ಲಿ ನೋಟು ಬಿಗಿಯಾಗಿ ನಿಂತಿತು. ಕೆಳಗಿನ ಮೂಲೆಯಲ್ಲಿ ತಡೆಯೇ ಇಲ್ಲದೆ ಹೊರಬಂತು. ಅಲ್ಲಿ ಬಾಗಿಲ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು, ಆ ಸಂದಿನಿಂದ ಬಿಸಿಗಾಳಿ ನುಗ್ಗುತ್ತಿತ್ತು. ಫ್ರೀಜರಿನಲ್ಲಿ ಎರಡು ಬೆರಳು ದಪ್ಪದ ಮಂಜು ಕಟ್ಟಿತ್ತು. ಹಿಂಬದಿಯ ಕಾಯಿಲ್ ಬಿಸಿಲಿಗೆ ಕಾದ ಪಡುವಣ ಗೋಡೆಗೆ ಅಂಟಿಕೊಂಡಿತ್ತು. ರಬ್ಬರ್ ಬದಲಾಯಿಸಿ, ಮಂಜು ಕರಗಿಸಿ, ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿದ ಮೇಲೆ ಕಂಪ್ರೆಸರ್ ತಾನಾಗಿಯೇ ನಿಂತು ನಿಂತು ನಡೆಯತೊಡಗಿತು, ದಿನದ ಬಳಕೆ ಒಂದು ಯೂನಿಟ್‌ಗಿಂತ ಹೆಚ್ಚೇ ಇಳಿಯಿತು.

ಆದ್ದರಿಂದ ಫ್ರಿಜ್ಜನ್ನು ಎಷ್ಟು ಹೊತ್ತು ನಿಲ್ಲಿಸಬೇಕು ಎಂಬ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ, ಅದು ತಾನಾಗಿ ಎಷ್ಟು ಹೊತ್ತು ನಿಲ್ಲುತ್ತಿದೆ ಎಂಬುದನ್ನು ನೋಡಿ. ಒಂದು ರಾತ್ರಿ ಮನೆಯ ಉಳಿದೆಲ್ಲ ಸ್ವಿಚ್ ಬಂದ್ ಮಾಡಿ ಮೀಟರ್ ಮುಂದೆ ನಿಲ್ಲಿ. ಅದರ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ನಮ್ಮ ಮೀಟರಿನಂತೆ 3200 ಇದ್ದು, ಕೆಂಪು ದೀಪ ನಿಮಿಷಕ್ಕೆ ಆರು ಬಾರಿ ಮಿನುಗಿದರೆ ಕಂಪ್ರೆಸರ್ ಸುಮಾರು 112 ವ್ಯಾಟ್ ಎಳೆಯುತ್ತಿದೆ ಎಂದರ್ಥ. ಕಂಪ್ರೆಸರ್ ನಿಂತಾಗ ಮಿನುಗುವುದೂ ಹೆಚ್ಚುಕಡಿಮೆ ನಿಲ್ಲುತ್ತದೆ. ಗಂಟೆಗಟ್ಟಲೆ ಕಾದರೂ ನಿಲ್ಲದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ.

ಹೊಸ ಫ್ರಿಜ್ಜಿನ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಕರೆಂಟ್ ಉಳಿಸುವುದಕ್ಕೆಂದೇ ಕೊಳ್ಳಬೇಡಿ. ಫ್ರಿಜ್ಜಿನ ಮೇಲೆ ಅಂಟಿಸಿರುವ ಬಿಇಇ (ಕೇಂದ್ರದ ಇಂಧನ ದಕ್ಷತಾ ಬ್ಯೂರೋ) ಪಟ್ಟಿಯಲ್ಲಿ ನಕ್ಷತ್ರಗಳನ್ನು ಎಣಿಸುವ ಬದಲು ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನು ಓದಿ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರವೂ ಇಂದಿನ ಐದು ನಕ್ಷತ್ರವೂ ಒಂದೇ ಅಲ್ಲ. ನಿಮ್ಮ ಅಳತೆಯ ಒಂದೇ ಬಾಗಿಲಿನ ಫ್ರಿಜ್ ಸುಸ್ಥಿತಿಯಲ್ಲಿದ್ದರೆ ವರ್ಷಕ್ಕೆ 150ರಿಂದ 200 ಯೂನಿಟ್ ಆಸುಪಾಸು, ನಮ್ಮ ಬಿಸಿಲಿಗೆ ಇನ್ನೂ ಸ್ವಲ್ಪ ಹೆಚ್ಚು. ತೆರಿಗೆ ಸೇರಿ ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ತಿಂಗಳಿಗೆ ನೂರರ ಮೇಲೆ ಸ್ವಲ್ಪ. ಅದರಲ್ಲಿ ಉಳಿಸಿ ಹೊಸ ಫ್ರಿಜ್ಜಿನ ಹಣ ಹುಟ್ಟಿಸಲು ಆಗುವುದಿಲ್ಲ.

ನಿಮಗಿರುವುದು 200ರ ಗಡಿಯ ಚಿಂತೆಯಾದರೆ ಮೊದಲು ಕೂಲರ್ ಲೆಕ್ಕ ಹಾಕಿ. 180 ವ್ಯಾಟ್ ಕೂಲರ್ ದಿನಕ್ಕೆ ಹತ್ತು ಗಂಟೆ ನಡೆದರೆ ತಿಂಗಳಿಗೆ 54 ಯೂನಿಟ್, ಅಂದರೆ ಸುಸ್ಥಿತಿಯ ಫ್ರಿಜ್ಜಿನ ದುಪ್ಪಟ್ಟಿಗಿಂತ ಹೆಚ್ಚು. ಸಾಮಾನ್ಯ ಕೂಲರಿಗೆ ತಾನಾಗಿ ನಿಲ್ಲಿಸುವ ಥರ್ಮೋಸ್ಟಾಟ್ ಇರುವುದಿಲ್ಲ, ನಿಮ್ಮ ವ್ಯಾಟ್ ಮತ್ತು ಗಂಟೆಯ ಗುಣಾಕಾರ ಅಲ್ಲಿ ಸರಿಯಾಗಿಯೇ ಹೊಂದುತ್ತದೆ.